ಸಲಾಲಾದ ಮಂಜಿನಲ್ಲಿ ನನ್ನ ಪಾಸ್‌ಪೋರ್ಟು

ಅರಬಸ್ತಾನದಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ ಎಂದರೆ ಸೊಲ್ಲಾಪುರದ ಹತ್ತಿರದ ನಮ್ಮ ಅಕ್ಕಲಕೋಟೆಯಲ್ಲಿ ಯಾರೂ ನಂಬಲಿಕ್ಕಿಲ್ಲ. ನಮ್ಮವ್ವನೇ ನಂಬಲಿಲ್ಲ.

ಒಮಾನ್ ದೇಶದ ದಕ್ಷಿಣ ತುದಿಯಲ್ಲಿ, ಸಮುದ್ರಕ್ಕೆ ಆತುಕೊಂಡು ಸಲಾಲಾ ಎಂಬ ಊರಿದೆ. ಅಲ್ಲಿಯ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಏಜೆಂಟನೊಬ್ಬನ ಮೂಲಕ ಫಿಸಿಯೊಥೆರಪಿ ಕೆಲಸ ಸಿಕ್ಕು ನಾನು ಬಂದಿಳಿದದ್ದು ಮೇ ತಿಂಗಳ ಕೊನೆಗೆ. ಆಗ ಸೆಕೆ ಇತ್ತು. ಆದರೆ ಸೊಲ್ಲಾಪುರದ ಬೇಸಿಗೆಯಲ್ಲಿ ಡಾಂಬರಿಗೆ ಚಪ್ಪಲಿ ಅಂಟಿಸಿಕೊಂಡು ಕಾಲೇಜಿಗೆ ನಡೆದವಳಿಗೆ ಅದೇನು ದೊಡ್ಡದಲ್ಲ. ಜೂನ್ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಕಿಟಕಿ ತೆರೆದರೆ ಎದುರಿನ ಕಟ್ಟಡವೇ ಇರಲಿಲ್ಲ. ಬರೀ ಬಿಳಿ. ಎಲ್ಲೋ ಬೆಂಕಿ ಬಿದ್ದಿದೆ, ಹೊಗೆ ಎಂದುಕೊಂಡು ಕೂಗಿದೆ. ಒಳಗೆ ಚಹಾಕ್ಕೆ ಇಟ್ಟಿದ್ದ, ನನ್ನ ಜೊತೆಗಿರುವ ನರ್ಸ್ ಲಿಸ್ಸಿ ಚೇಚಿ ತಲೆ ಎತ್ತದೆ "ಖರೀಫ್" ಎಂದಳು. ಕೈ ಹೊರಗೆ ಚಾಚಿದೆ. ಸಣ್ಣ ಜರಡಿಯಿಂದ ಹಿಟ್ಟು ಉದುರಿದಂತೆ ನೀರು, ಹನಿ ಎನ್ನಲಾಗದಷ್ಟು ಸಣ್ಣದು. ಇಲ್ಲಿಯ ಮಂಜುಮಳೆಯ ಹಂಗಾಮಿಗೆ ಅದೇ ಹೆಸರು. ಅಂದಿನಿಂದ ವಾರಗಟ್ಟಲೆ ಸೂರ್ಯ ಕಾಣಲಿಲ್ಲ. ತೊಯ್ದ ದುಪಟ್ಟಾ ಹಗ್ಗದ ಮೇಲೆ ಹಾಗೇ ಕುಳಿತಿತು. ಚೀಲದ ಪಟ್ಟಿಗೆ ಹಸಿರು ಬೂಸು ಹಿಡಿಯಿತು. ಬೋಳು ಗುಡ್ಡಗಳು ಎಂದು ನಾನು ನೋಡಿದ್ದವೆಲ್ಲ ಹುಲ್ಲು ಹೊದ್ದವು.

ಫೋನಿನಲ್ಲಿ ಅವ್ವನಿಗೆ ಇದನ್ನೆಲ್ಲ ತೋರಿಸಿದೆ. ದವಾಖಾನೆಯ ಹಿಂದೆ ತೆಂಗಿನ ತೋಟ, ರಸ್ತೆ ಬದಿಗೆ ಎಳನೀರು, ಬಾಳೆಗೊನೆ, ಪಪ್ಪಾಯಿ ಮಾರುವ ಅಂಗಡಿಗಳು, ಅಂಗಡಿಯವರ ಬಾಯಲ್ಲಿ ಮಲಯಾಳಂ. ಅವ್ವ ದನಿ ತಗ್ಗಿಸಿ ಕೇಳಿದಳು:

"ಭಾಗ್ಯಾ, ಖರೇ ಹೇಳು. ನೀ ಅರಬಸ್ತಾನದಾಗ ಇದ್ದೀಯೋ, ಆ ಏಜೆಂಟ ನಿನ್ನ ಕೇರಳಕ್ಕ ಒಯ್ದ ಬಿಟ್ಟಾನೋ?"

"ಯವ್ವಾ, ವಿಮಾನದಾಗ ಸಮುದ್ರ ದಾಟಿ ಬಂದೀನಿ!"

"ಕೇರಳಕ್ಕೂ ವಿಮಾನ ಹೊಕ್ಕಾವಂತ. ಒಂಟಿ ಎಲ್ಲೈತಿ, ಒಂಟಿ ತೋರಸು."

ಮರುದಿನ ರಸ್ತೆಗೆ ಅಡ್ಡ ನಿಂತ ಒಂಟೆಯೊಂದರ ಫೋಟೊ ಕಳಿಸಿದ ಮೇಲೆಯೇ ಅವಳಿಗೆ ಸಮಾಧಾನ. ಅಪ್ಪನ ಕುತೂಹಲ ಬೇರೆಯದು. ಅವರು ಅಕ್ಕಲಕೋಟೆಯ ಬಜಾರದಲ್ಲಿ ಕಾಳುಕಡಿಯ ಅಡತಿ ಅಂಗಡಿಯ ಲೆಕ್ಕ ಬರೆಯುವವರು, ವಾಗದರಿ ಹಳ್ಳಿಯಲ್ಲಿ ಕಾಕಾನ ಜೊತೆ ಪಾಲಿನ ಹೊಲವಿದೆ. "ನಮಗ ಖರೀಪ ಅಂದ್ರ ತೊಗರಿ, ಉದ್ದು. ಅವ್ರಿಗೆ ಖರೀಪ ಅಂದ್ರ ಮಂಜ. ಹೆಸರ ಒಂದ, ಮಾಲ ಬ್ಯಾರೆ," ಎಂದರು. ಅರಬ್ಬರ ಮಾತೊಂದು ನಮ್ಮ ಹೊಲದಲ್ಲಿ ಇಷ್ಟು ವರ್ಷ ಬಿತ್ತನೆಯಾಗುತ್ತಿತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಹೊರಡುವಾಗ ಎಲ್ಲರೂ ಹೇಳಿದ ಮಾತು ಒಂದೇ: ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡ. ಹೊರದೇಶ ಕಾಣದ ಸೋದರತ್ತೆಯೂ ಅದನ್ನೇ ಹೇಳಿದಳು. ಕೆಲಸಕ್ಕೆಂದು ಹೋಗಿ, ಪಾಸ್‌ಪೋರ್ಟ್ ಮಾಲಕರ ಕೈಗೆ ಸಿಕ್ಕು ತಿರುಗಿ ಬರಲಾಗದೆ ಕುಳಿತವರ ಕಥೆಗಳು ನಮ್ಮ ಓಣಿಯವರೆಗೂ ಬಂದಿದ್ದವು. ಹೀಗಾಗಿ ನಾನು ಬಂದ ದಿನವೇ ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅವ್ವ ಕುಟ್ಟಿ ಕೊಟ್ಟಿದ್ದ ಶೇಂಗಾ ಚಟ್ನಿಯ ದೊಡ್ಡ ಡಬ್ಬಿಯ ತಳದಲ್ಲಿಟ್ಟು, ಮೇಲೆ ಚಟ್ನಿ ತುಂಬಿ ಒತ್ತಿಬಿಟ್ಟೆ.

ಬಚ್ಚಿಟ್ಟದ್ದು ಮುಖ್ಯವಾಗಿ ಲಿಸ್ಸಿ ಚೇಚಿಯಿಂದ. ಚೇಚಿ ಎಂದರೆ ಮಲಯಾಳಂನಲ್ಲಿ ಅಕ್ಕ; ಇಲ್ಲಿ ಕೇರಳದ ಹಿರಿಯ ನರ್ಸ್‌ಗಳನ್ನೆಲ್ಲ ಹಾಗೇ ಕರೆಯುತ್ತಾರೆ. ದವಾಖಾನೆಯವರು ನಮ್ಮಿಬ್ಬರಿಗೆ ಸೇರಿ ಒಂದು ಖೋಲಿ ಕೊಟ್ಟಿದ್ದರು. ನಲವತ್ತು ದಾಟಿದವಳು, ಅಳೆದು ಮಾತಾಡುವವಳು. ನಾನು ಸ್ನಾನಕ್ಕೆ ಹೋಗಿ ಬಂದರೆ ಕಪಾಟಿನ ಬಾಗಿಲು ನಾನು ಬಿಟ್ಟ ಹಾಗೆ ಇರುತ್ತಿರಲಿಲ್ಲ. ಅವಳು ಮಲಯಾಳಂನಲ್ಲಿ ಯಾರೊಂದಿಗೋ ಫೋನಿನಲ್ಲಿ ಮಾತಾಡುವಾಗ ನಡುವೆ ನನ್ನ ಹೆಸರು ಕೇಳಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಡಬ್ಬಿಯಲ್ಲಿ ಚಟ್ನಿ ಇಳಿಯುತ್ತಿತ್ತು. ನಾನು ತಿಂದದ್ದಕ್ಕಿಂತ ಹೆಚ್ಚು ಇಳಿಯುತ್ತಿತ್ತು. ಅವಳು ಹುಡುಕುತ್ತಿದ್ದಾಳೆ ಎಂದೇ ನನ್ನ ಲೆಕ್ಕ. ಅವ್ವನಿಗೆ ದಿನವೂ ಎಲ್ಲ ವರದಿ ಒಪ್ಪಿಸುತ್ತಿದ್ದೆ, ಅದೂ ಆ ಖೋಲಿಯಲ್ಲೇ, ಚೇಚಿ ಎದುರಿನ ಮಂಚದ ಮೇಲೆ ಬಟ್ಟೆ ಮಡಚುತ್ತಿರುವಾಗಲೇ. ಈ ಊರಿನಲ್ಲಿ ನಮ್ಮ ಕನ್ನಡ ಯಾರಿಗೆ ತಿಳಿಯಬೇಕು?

"ಈಕಿ ಮ್ಯಾಲ ನನಗ ಸಂಶೆ ಐತಿ ಬೇ. ಮಾರಿ ನೋಡಿದ್ರ ಗೊತ್ತಾಗ್ತದ. ಚಟ್ನಿ ಕದ್ದ ತಿಂತಾಳ."

"ಹುಷಾರ ಇರು ಮಗಳ. ಚಟ್ನಿ ಹೋದ್ರ ಹೋಗವಲ್ಲದ್ಯಾಕ, ತಳದಾಗಿಂದು ನೋಡ್ಕೋ."

ನಾನು ನಂಬಿದ್ದು ಮ್ಯಾನೇಜರ್ ಜಯಂತರಾವ್ ಅವರನ್ನು. ಮೊದಲ ದಿನ ಕ್ಯಾಬಿನ್ನಿಗೆ ಹೋದಾಗ ಅವರು ಕುರ್ಚಿಯಿಂದ ಎದ್ದು, "ಕಾಯ್ ಮಗ್, ಸೋಲಾಪೂರ್‌ಕರ್?" ಎಂದು ಕೇಳಿದರು. ಏನು ಮತ್ತೆ, ಸೊಲ್ಲಾಪುರದವರೇ ಎಂಬ ಆ ಒಂದು ಮರಾಠಿ ಮಾತಿಗೆ ನನ್ನ ಕಣ್ಣು ತುಂಬಿತು. ನಮ್ಮ ಮನೆಮಾತು ಕನ್ನಡ, ಊರು ಮಹಾರಾಷ್ಟ್ರದ್ದು; ನಾನು ನಾಲ್ಕನೆಯ ತರಗತಿಯವರೆಗೆ ಕನ್ನಡ ಸಾಲಿ, ಮುಂದೆಲ್ಲ ಮರಾಠಿ. ನನ್ನ ಗೆಳತಿಯರು ಮರಾಠಿ, ನನ್ನ ಪುಸ್ತಕಗಳು ಮರಾಠಿ, ಬಸ್ಸಿನಲ್ಲಿ ಜಗಳ ಆಡುವುದೂ ಮರಾಠಿಯಲ್ಲೇ. ಜಯಂತರಾವ್ ಸಣ್ಣವರಿದ್ದಾಗ ತಂದೆಯ ನೌಕರಿಯ ಸಲುವಾಗಿ ಕೆಲ ವರ್ಷ ಸೊಲ್ಲಾಪುರದಲ್ಲಿ ಇದ್ದರಂತೆ. ಕಡಕ್ ಭಾಕರಿ, ಸಿದ್ಧೇಶ್ವರ ಕೆರೆ, ಬಟ್ಟೆ ಗಿರಣಿಯ ಭೋಂಗಾದ ಕೂಗು ಎಂದೆಲ್ಲ ನೆನೆಸಿಕೊಂಡರು. ದಿನವೂ ಮಧ್ಯಾಹ್ನ ಕರೆದು ಚಹಾ ಕೊಟ್ಟು, "ಊಟ ಆಯ್ತೇ? ಯಾರಾದರೂ ತ್ರಾಸು ಕೊಡುತ್ತಾರೆಯೇ?" ಎಂದು ಮರಾಠಿಯಲ್ಲಿ ವಿಚಾರಿಸುತ್ತಿದ್ದರು. ಇಡೀ ದವಾಖಾನೆಯಲ್ಲಿ ನನ್ನನ್ನು ಮನೆಮಗಳ ಹಾಗೆ ಸಲುಗೆಯಿಂದ 'ಅಗಂ' ಎಂದು ಕರೆಯುವವರು ಅವರೊಬ್ಬರೇ.

ಜುಲೈ ತಿಂಗಳಲ್ಲಿ ಅದೇ ಮರಾಠಿಯಲ್ಲಿ ಅವರು ಪಾಸ್‌ಪೋರ್ಟ್ ಕೇಳಿದರು. ಈ ದೇಶದಲ್ಲಿ ಇರಲು ಬೇಕಾದ ಪರವಾನಗಿಯ ಕಾರ್ಡಿನ ಏನೋ ಕೆಲಸ, ಎರಡು ದಿನದಲ್ಲಿ ತಿರುಗಿ ಕೊಡುತ್ತೇನೆ ಎಂದರು. ನಾನು ಖೋಲಿಗೆ ಹೋಗಿ ಚಟ್ನಿಯೊಳಗೆ ಮೊಣಕೈವರೆಗೆ ಕೈ ಹಾಕಿ ಅದನ್ನು ತೆಗೆದೆ. ಪ್ಲಾಸ್ಟಿಕ್ ಇದ್ದರೂ ಒಂದು ಮೂಲೆಗೆ ಎಣ್ಣೆ ತಾಗಿತ್ತು. ಅವರು ಮೂಸಿ ನೋಡಿ ಜೋರಾಗಿ ನಕ್ಕರು. ನಾನೂ ನಕ್ಕೆ.

ಎರಡು ದಿನ ಹೋಗಿ ಎರಡು ವಾರವಾಯಿತು. ಕೇಳಿದಾಗ, ಸರಕಾರಿ ಕಚೇರಿಯಲ್ಲಿದೆ ಎಂದರು. ಮುಂದಿನ ಸಲ, ಕಚೇರಿಗೆ ಓಡಾಡುವ ನಮ್ಮ ಮನುಷ್ಯನ ಗಾಡಿಯಲ್ಲಿದೆ, ಅವನು ರಜೆಯ ಮೇಲಿದ್ದಾನೆ. ಅದರ ಮುಂದಿನ ಸಲ, "ಅಗಂ, ತಿಜೋರಿಯಲ್ಲಿ ಭದ್ರವಾಗಿದೆ. ಈಗ ನಿನಗೇಕೆ ಬೇಕು? ಎಲ್ಲಿಗೆ ಹೊರಟಿದ್ದೀ?" ಎಂದರು. ಮುಖದ ಮೇಲೆ ಅದೇ ನಗು. ನನಗೆ ಮೊದಲ ಬಾರಿಗೆ ಆ ನಗುವಿನ ಹಿಂದೆ ಏನಿದೆ ಎಂದು ನೋಡಬೇಕೆನಿಸಿತು. ಖರೀಫ್ ಇಲ್ಲಿ ಜಾತ್ರೆಯ ಕಾಲ. ದುಬೈ, ಮಸ್ಕತ್ತಿನ ಸುಡುಬಿಸಿಲಿನಿಂದ ಜನ ಮಂಜು ನೋಡಲು ಕುಟುಂಬ ಸಮೇತ ಬಂದು ತುಂಬಿಕೊಳ್ಳುತ್ತಾರೆ. ಹುಲ್ಲಿನ ಮೇಲೆ ಜಾರಿ ಬಿದ್ದವರು, ಸೊಂಟ ಹಿಡಿದವರು ದವಾಖಾನೆಗೆ ಸಾಲುಗಟ್ಟುತ್ತಾರೆ. ಈ ಹಂಗಾಮಿನಲ್ಲಿ ನನ್ನನ್ನು ಬಿಡಲು ಅವರಿಗೆ ಮನಸ್ಸಿಲ್ಲ ಎಂಬುದು ಸ್ಪಷ್ಟವಾಗಿತ್ತು. ಹಂಗಾಮು ಮುಗಿದ ಮೇಲಾದರೂ ಬಿಡುತ್ತಾರೆ ಎಂಬುದಕ್ಕೆ ಏನು ಖಾತ್ರಿ?

ಆ ಮೇಲೆ ಮಂಜೂ ಬೇರೆ ಥರ ಕಂಡಿತು. ಮೊದಲ ವಾರಗಳಲ್ಲಿ ರಜೆ ಸಿಕ್ಕಾಗೆಲ್ಲ ಕಡಲ ದಂಡೆಗೆ, ತೋಟಗಳ ನಡುವಿನ ದಾರಿಗೆ ಅಲೆಯುತ್ತಿದ್ದವಳು ಈಗ ಬಾಗಿಲು ಹಾಕಿಕೊಂಡು ಕುಳಿತೆ. ಹತ್ತು ಹೆಜ್ಜೆಯಾಚೆ ಏನೂ ಕಾಣದ ಊರಿನಲ್ಲಿ ಯಾರು ಹಿಂದೆ ಬರುತ್ತಿದ್ದಾರೆಂದು ಹೇಗೆ ತಿಳಿಯಬೇಕು? ಸೊಲ್ಲಾಪುರದಲ್ಲಿ ಬಿಸಿಲು ಎಷ್ಟೇ ಸುಟ್ಟರೂ ರಸ್ತೆಯ ಆಚೆ ತುದಿಯಿಂದ ಬರುವವರು ನಮ್ಮವರೋ ಬೇರೆಯವರೋ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಒಂದು ಸಂಜೆ ಅವ್ವ ಎಂದಿನಂತೆ ಕೇಳಿದಳು: "ಅದು ಎಲ್ಲೈತಿ? ಡಬ್ಬ್ಯಾಗ ಐತಿಲ್ಲ?" ಅಷ್ಟು ದಿನ ಹೂಂ ಎನ್ನುತ್ತಿದ್ದವಳಿಗೆ ಅಂದು ಸುಳ್ಳು ಬಾಯಿಗೆ ಬರಲಿಲ್ಲ.

"ಇಲ್ಲ ಬೇ. ಮ್ಯಾನೇಜರಗ ಕೊಟ್ಟೀನಿ. ಪರತ್ ಕೊಡವಲ್ಲ."

ಅವ್ವ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ನಮ್ಮ ಕಡಿ ಮನಶ್ಯಾ ಅಂದಿದ್ದಿಯಲ್ಲ," ಎಂದಷ್ಟೇ ಹೇಳಿದಳು. ನಾನು ಫೋನ್ ಇಟ್ಟು ಗೋಡೆಯ ಕಡೆ ಮುಖ ಮಾಡಿ ಕುಳಿತೆ. ಆಗ ಹಿಂದಿನಿಂದ ದನಿ ಬಂತು.

"ಯಾವಾಗ ಕೊಟ್ಟಿ?"

ಕನ್ನಡ. ಬರೀ ಕನ್ನಡವಲ್ಲ, ನಮ್ಮ ಕಡೆಯ ಕನ್ನಡ. ತಿರುಗಿ ನೋಡಿದರೆ ಲಿಸ್ಸಿ ಚೇಚಿ ಮಡಚಿದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ನಿನಗ ಕನ್ನಡ ಬರ್ತದ?"

"ಕಲಬುರ್ಗ್ಯಾಗ ನರ್ಸಿಂಗ್ ಕಲ್ತೀನಿ. ಅಲ್ಲೇ ದವಾಖಾನ್ಯಾಗ ಕೆಲಸಾನೂ ಮಾಡೀನಿ. ಹಳ್ಳಿ ಮಂದಿ ಕೂಡ ಮಾತಾಡಿ ಮಾತಾಡಿ ಬಂದದ." ಮಲಯಾಳಂನ ರಾಗ ಇತ್ತು, ಆದರೆ ಮಾತಿಗೆ ತಡಕಾಟ ಇರಲಿಲ್ಲ. "ಚಟ್ನಿ ನಾನ ತಿಂದೀನಿ. ಅಲ್ಲಿ ಬಿಟ್ಟ ಮ್ಯಾಲ ಅಂಥಾ ಚಟ್ನಿ ಸಿಕ್ಕಿದ್ದಿಲ್ಲ. ನಿಮ್ಮ ಅವ್ವಗ ಹೇಳು, ಕೇಳದ ತಿಂದಿದ್ದು ಖರೆ, ಆದ್ರ ನಾ ಕಳ್ಳಿ ಅಲ್ಲ."

ಮೂರು ತಿಂಗಳು ಅವಳ ಎದುರಿಗೇ ಅವಳ ಮೋರೆ, ಅವಳ ಗೊರಕೆ, ಅವಳ ಕೀಲಿಗೊಂಚಲು, ಎಲ್ಲವನ್ನೂ ಆಡಿಕೊಂಡಿದ್ದೆ.

"ಮೊದಲ ಯಾಕ ಹೇಳಲಿಲ್ಲ?"

"ನೀ ಮ್ಯಾನೇಜರನ ಕಡಿಯಾಕಿ ಅಂತ ತಿಳಿದಿದ್ದೆ. ಬರೇ ನಾ ಅಲ್ಲ, ಎಲ್ಲಾರೂ. ದಿನಾ ಕ್ಯಾಬಿನ್‌ದಾಗ ಚಹಾ, ಇಬ್ರೂ ನಿಮ್ಮ ಭಾಷಾದಾಗ ಮಾತು, ನಗು. ನಮ್ಮ ಸುದ್ದಿ ಅವಗ ಮುಟ್ಟಸಾಕ ನಿನ್ನ ಈ ಖೋಲ್ಯಾಗ ಇಟ್ಟಾನ ಅಂದ್ಕೊಂಡಿದ್ವಿ. ನಿನ್ನ ಕಪಾಟ ನಾ ಎರಡ ಸಲ ನೋಡೀನಿ. ಅದೂ ಖರೆ."

"ಅದು ನನ್ನ ಭಾಷಾ ಅಲ್ಲ. ಮರಾಠಿ ಅದು. ನನ್ನ ಭಾಷಾ ಇದು, ಈಗ ಮಾತಾಡಾಕತ್ತೀನಲ್ಲ, ಇದು."

"ಹಂಗಾರ ನೀ ಮಹಾರಾಷ್ಟ್ರದಾಕಿ ಹೆಂಗ?"

ಇಲ್ಲಿಯ ಮರಾಠಿ ಬಳಗದವರು ಹೆಸರು ಕೇಳಿ "ನೀವು ಕಾನಡಿ ಅಲ್ಲವೇ?" ಎಂದಿದ್ದರು. ಬರುವಾಗ ವಿಮಾನದಲ್ಲಿ ಸಿಕ್ಕ ಮಂಗಳೂರಿನ ಕನ್ನಡದವರೊಬ್ಬರು ನನ್ನ ಮಾತು ಕೇಳಿ "ನಿಮ್ಮದು ಮರಾಠಿ ಮಿಕ್ಸ್" ಎಂದು ನಕ್ಕಿದ್ದರು. ನನ್ನ ಕನ್ನಡವನ್ನು ಪೂರ್ತಿ ಕನ್ನಡವೆಂದೇ ಕೇಳಿಸಿಕೊಂಡವಳು ಕೊಟ್ಟಾಯಂ ಕಡೆಯ ಈ ಹೆಂಗಸು. ಅದೂ ಸಂಶಯದಿಂದ, ಕದ್ದು.

ಮುಂದೇನು ಮಾಡಬೇಕೆಂದು ಅವಳೇ ಹೇಳಿದಳು. ಕ್ಯಾಬಿನ್ನಿಗೆ ಒಬ್ಬಳೇ ಹೋಗಬಾರದು. ಮರಾಠಿಯಲ್ಲಿ ಕೇಳಬಾರದು. ದವಾಖಾನೆಯ ಮಾಲಕ, ಇಲ್ಲಿಯ ಕೆಲಸಗಾರರು 'ಅರ್ಬಾಬ್' ಎಂದು ಕರೆಯುವ ಒಮಾನಿ ಹಿರಿಯರು, ವಾರಕ್ಕೊಮ್ಮೆ ಬಂದು ರೋಗಿಗಳು ಕೂಡುವ ಬೆಂಚಿನ ಮೇಲೆಯೇ ಕುಳಿತು ಚಹಾ ಕುಡಿಯುತ್ತಿದ್ದರು. ಅವರ ಎದುರಿಗೆ, ಅವರಿಗೆ ತಿಳಿಯುವ ಮಾತಿನಲ್ಲಿ ಕೇಳಬೇಕು. ಚೇಚಿ ನನಗೆ ಎರಡು ಅರಬ್ಬಿ ಶಬ್ದ ಕಲಿಸಿದಳು. "ಅಬ್ಗಾ ಜವಾಜಿ." ನನ್ನ ಪಾಸ್‌ಪೋರ್ಟ್ ನನಗೆ ಬೇಕು. ಅಡುಗೆ ಮಾಡುತ್ತ, ತಲೆ ಬಾಚುತ್ತ ಅದನ್ನೇ ಬಾಯಿಪಾಠ ಮಾಡಿದೆ. ಆದರೂ ಒಳಗೊಳಗೆ ಒಂದು ಹುಳ: ಇವಳು ನನ್ನನ್ನು ಮುಂದೆ ದೂಡಿ ತಮಾಷೆ ನೋಡುತ್ತಿಲ್ಲ ತಾನೇ? ಅರಬ್ಬಿಯಲ್ಲಿ ಆ ಮಾತಿಗೆ ಬೇರೆ ಅರ್ಥ ಇಲ್ಲ ತಾನೇ? ಎಳನೀರಿನ ಅಂಗಡಿಯವನ ಹತ್ತಿರ ಹೋಗಿ ಅರ್ಥ ಕೇಳಿ ಖಾತ್ರಿ ಮಾಡಿಕೊಂಡೆ.

ಅರ್ಬಾಬ್ ಬಂದ ದಿನ ಬೆಂಚಿನ ತುಂಬ ಜನ. ಜಯಂತರಾವ್ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದರು. ಚೇಚಿ ಕೌಂಟರಿನ ಹಿಂದೆ ಬ್ಯಾಂಡೇಜು ಸುತ್ತುತ್ತ ನನ್ನ ಕಡೆ ನೋಡಲೇ ಇಲ್ಲ. ನಾನು ಹೋಗಿ ಸಲಾಂ ಹೇಳಿ ಆ ಎರಡು ಶಬ್ದ ಆಡಿದೆ. ಅರ್ಬಾಬ್ ಚಹಾದ ಲೋಟ ಕೆಳಗಿಟ್ಟು ಮ್ಯಾನೇಜರರ ಮುಖ ನೋಡಿದರು.

ಜಯಂತರಾವ್ ನಕ್ಕು ನನ್ನ ಕಡೆ ಬಾಗಿ, ಮೆಲ್ಲಗೆ, ಮನೆಯ ಹಿರಿಯರ ದನಿಯಲ್ಲಿ ಹೇಳಿದರು: "ಅಗಂ, ಆಪಲ್ಯಾ ಮಾಣಸಾತ್ ಅಸಂ ಕರತಾತ್ ಕಾ? ಆತ್ ಯೇ, ಬೋಲೂ." ನಮ್ಮ ನಮ್ಮವರಲ್ಲಿ ಹೀಗೆ ಮಾಡುತ್ತಾರೇನೇ? ಒಳಗೆ ಬಾ, ಮಾತಾಡೋಣ.

ಸಾಲಿಯಲ್ಲಿ ನನ್ನನ್ನು ಮುದ್ದಿನಿಂದ ಗದರಿಸಿದ ಬಾಯಿಗಳೆಲ್ಲ ಅದೇ ಧಾಟಿಯವು. ಗೆಳತಿಯ ತಾಯಿ ಹಬ್ಬದ ದಿನ ಊಟಕ್ಕೆ ಎಬ್ಬಿಸುತ್ತಿದ್ದ ಮಾತೂ ಅದೇ. ಕಾಲು ತಾನಾಗಿಯೇ ಕ್ಯಾಬಿನ್ನಿನ ಕಡೆ ತಿರುಗಿತು. ಒಳಗೆ ಹೋಗಿದ್ದರೆ ಚಹಾ ಬರುತ್ತಿತ್ತು, ನಾನೇ ಕ್ಷಮೆ ಕೇಳಿ ಹೊರಗೆ ಬರುತ್ತಿದ್ದೆ. ಅಲ್ಲೇ ನಿಂತು ಅವರ ಮರಾಠಿಗೆ ಅರಬ್ಬಿಯಲ್ಲಿ ಉತ್ತರ ಕೊಟ್ಟೆ. "ಅಬ್ಗಾ ಜವಾಜಿ."

"ಹಾತ್," ಎಂದರು ಅರ್ಬಾಬ್. ಕೊಡು ಎಂದು.

ಜಯಂತರಾವ್ ಒಳಗೆ ಹೋಗಿ ಕೂಡಲೇ ಹೊರಗೆ ಬಂದರು. ತಿಜೋರಿ ತೆರೆದ ಸದ್ದು ಇರಲಿಲ್ಲ, ಮೇಜಿನ ಖಾನೆ ಎಳೆದ ಸದ್ದು ಮಾತ್ರ ಕೇಳಿಸಿತ್ತು. ನನ್ನ ಕೈಗೆ ಕೊಡುವಾಗ ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ನೋವು ಇತ್ತು. ಇಲ್ಲವೇ ನೋವಿನಂಥದ್ದು ಏನೋ.

ಆ ಮೇಲೆ ಚೇಚಿ ಹೇಳಿದಳು: ಹಿಂದೆ ಒಬ್ಬ ತಂತ್ರಜ್ಞ ಹಂಗಾಮಿನ ನಡುವೆ ಹೇಳದೆ ಕೇಳದೆ ಊರಿಗೆ ಹೋಗಿಬಿಟ್ಟನಂತೆ, ತಪ್ಪು ಮ್ಯಾನೇಜರರ ತಲೆಗೆ ಬಂತಂತೆ. ಅಂದಿನಿಂದ ಅವರು ಹೊಸಬರ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಿದ್ದರು. ಅಂದರೆ ಅವರು ಕೆಟ್ಟವರೋ, ಹೆದರಿದವರೋ? ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ, ಮರುದಿನದಿಂದ ಅವರು ನನ್ನೊಂದಿಗೆ ಹಿಂದಿಯಲ್ಲಿ ಮಾತಾಡತೊಡಗಿದರು. 'ಅಗಂ' ಹೋಗಿ 'ಮ್ಯಾಡಮ್' ಆಯಿತು. ಗಣಪತಿ ಹಬ್ಬಕ್ಕೆ ಎಲ್ಲರಿಗೂ ಮೋದಕ ಹಂಚಿದರು, ನನಗೂ ಕೊಟ್ಟರು, "ಲೀಜಿಯೇ" ಎನ್ನುತ್ತ. ಮೋದಕ ಚೆನ್ನಾಗಿದೆ ಎಂದು ಮರಾಠಿಯಲ್ಲಿ ಹೇಳಬೇಕೆಂದು ಬಾಯಿವರೆಗೆ ಬಂದದ್ದನ್ನು ನುಂಗಿಕೊಂಡೆ.

ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ನಾನು ಮೊದಲ ವಿಮಾನ ಹಿಡಿಯುತ್ತೇನೆ ಎಂದು ಅವ್ವ ಕಾದಿದ್ದಳು. ನಾನೂ ಹಾಗೇ ಅಂದುಕೊಂಡಿದ್ದೆ. ಬದಲಿಗೆ ಆ ಶುಕ್ರವಾರ ಚೇಚಿಯ ಜೊತೆ ಬೆಟ್ಟ ಹತ್ತಿದೆ. ತುಫೂಲ್ ಎಂಬ ಮುದುಕಿ ನನ್ನ ರೋಗಿ. ಕೆಸರಿನಲ್ಲಿ ಜಾರಿ ಸೊಂಟ ಮುರಿದುಕೊಂಡು ನಡೆಯಲು ಕಲಿಯಲು ಬರುತ್ತಿದ್ದಳು. ಆಕೆಗೆ ಅರಬ್ಬಿ ಅಷ್ಟಕ್ಕಷ್ಟೆ. ಬೆಟ್ಟದವರ ಭಾಷೆ ಬೇರೆ, ಜಬ್ಬಾಲಿ ಎನ್ನುತ್ತಾರೆ, ಅದನ್ನು ಯಾವ ಸಾಲಿಯಲ್ಲೂ ಕಲಿಸುವುದಿಲ್ಲ. ನಾನು ಚೇಚಿಗೆ ಹೇಳಿ, ಚೇಚಿ ಅರಬ್ಬಿಯಲ್ಲಿ ಸೊಸೆಗೆ ಹೇಳಿ, ಸೊಸೆ ಅತ್ತೆಗೆ ಹೇಳುವಷ್ಟರಲ್ಲಿ ಮುದುಕಿ ಮೊಣಕಾಲು ಎತ್ತಿ ಇಳಿಸಿ ಆಗಿರುತ್ತಿತ್ತು. ಮೊದಮೊದಲು ನಾನು ಮುಟ್ಟಿದರೆ ಕೈ ಕೊಡವುತ್ತಿದ್ದವಳು ಈಗ ಮನೆಗೆ ಕರೆದಿದ್ದಳು.

ಮಂಜಿನಲ್ಲಿ ಗಾಡಿ ದೀಪ ಹಚ್ಚಿಕೊಂಡು ಮೆಲ್ಲಗೆ ಏರಿತು. ಒಂಟೆಗಳು ಎದುರಿಗೆ ಬಂದು ನಿಂತು, ನಮ್ಮನ್ನು ನೋಡಿ, ಅವಸರವಿಲ್ಲದೆ ಸರಿದವು. ತುಫೂಲ್ ಒಂಟೆಯ ಹಾಲಿನ ಬಟ್ಟಲು ಮುಂದಿಟ್ಟಳು. ನಾನು ಮೂಸಿ ನೋಡಿದೆ. ಆಕೆ ನನ್ನನ್ನೇ ನೋಡಿ, ಬಟ್ಟಲು ಎತ್ತಿ ತಾನು ಮೊದಲು ಒಂದು ಗುಟುಕು ಕುಡಿದು, ತಿರುಗಿ ನನ್ನ ಮುಂದಿಟ್ಟಳು. ನಾಚಿಕೆಯಿಂದ ಪೂರ್ತಿ ಕುಡಿದೆ. ಸ್ವಲ್ಪ ಉಪ್ಪುಪ್ಪು, ಹೊಗೆಯ ವಾಸನೆ. ಆಕೆ ಮೊಮ್ಮಗಳೊಂದಿಗೆ ಜಬ್ಬಾಲಿಯಲ್ಲಿ ಮಾತಾಡುತ್ತಿದ್ದಳು, ಹುಡುಗಿ ಅರಬ್ಬಿಯಲ್ಲಿ ಉತ್ತರ ಕೊಡುತ್ತಿತ್ತು. ನಮ್ಮ ಮನೆಯಲ್ಲಿ ಅಣ್ಣನ ಮಗನೂ ಹಾಗೆ. ಅವ್ವ ಕನ್ನಡದಲ್ಲಿ ಕರೆದರೆ ಅವನು ಮರಾಠಿಯಲ್ಲಿ ಓಗೊಡುತ್ತಾನೆ. ಆ ದಿನ ತುಫೂಲ್ ಕೋಲು ಬಿಟ್ಟು ಬಾಗಿಲವರೆಗೆ ನಡೆದು ಬಂದು ನಮ್ಮನ್ನು ಕಳಿಸಿದಳು. ನಾನು ರಜೆಗೆ ಅರ್ಜಿ ಹಾಕಿದ್ದು ಖರೀಫ್ ಮುಗಿದು ಗುಡ್ಡಗಳು ಮತ್ತೆ ಕಂದಾದ ಮೇಲೆ.

ದೀಪಾವಳಿಗೆ ಊರಿಗೆ ಬಂದೆ. ಸೊಲ್ಲಾಪುರ ಸ್ಟೇಷನ್ನಿನಲ್ಲಿ ಕೂಲಿಯವನು ಚೀಲಕ್ಕೆ ಕೈ ಹಾಕಿದರೆ ಕಿತ್ತುಕೊಂಡೆ. ಅಕ್ಕಲಕೋಟೆಯ ಬಸ್ಸಿನಲ್ಲಿ ಪಕ್ಕದವಳು "ಯಾರ ಪೈಕಿ ನೀನು?" ಎಂದು ಕೇಳಿದರೆ ಇವಳಿಗೇಕೆ ಬೇಕು ಎನಿಸಿತು. ಓಣಿಯಲ್ಲಿ ಕಂಡವರೆಲ್ಲ "ಯಾವಾಗ ಬಂದಿ?" ಎಂದು ಕೇಳಿ, ಅದೇ ಉಸಿರಿನಲ್ಲಿ "ಯಾವಾಗ ಹೋಗಾಕಿ?" ಎಂದು ಕೇಳಿದರು.

ಮೂರನೆಯ ದಿನ ಮಧ್ಯಾಹ್ನ ನಾನು ಹಿತ್ತಲಲ್ಲಿ ತಲೆ ಒಣಗಿಸಿಕೊಂಡು ಒಳಗೆ ಬಂದರೆ ಅವ್ವ ನನ್ನ ಹಾಸಿಗೆಯ ಚಾದರ ಕೊಡವುತ್ತಿದ್ದಳು. ದಿಂಬಿನ ಕೆಳಗಿದ್ದ ಪಾಸ್‌ಪೋರ್ಟ್ ಅವಳ ಕೈಯಲ್ಲಿತ್ತು. ಪುಟ ತೆರೆದು ನನ್ನ ಫೋಟೊ ನೋಡಿ ನಗುತ್ತಿದ್ದಳು.

"ಇದನ್ನ ನಾನ ಇಟ್ಗೊಂಡ್ರ ಏನ ಮಾಡ್ತಿ?"

ತಮಾಷೆಗೆ ಕೇಳಿದ್ದು. ನಾನೂ ನಗಬೇಕಿತ್ತು. ಅಷ್ಟರಲ್ಲಿ ನನ್ನ ಕೈ ಮುಂದೆ ಹೋಗಿಬಿಟ್ಟಿತ್ತು. ಅಂಗೈ ಮೇಲಾಗಿ, ಗಟ್ಟಿಯಾಗಿ.

ಅವ್ವನ ನಗು ಹಾಗೇ ನಿಂತಿತು. ನನ್ನ ಕೈ ನೋಡಿದಳು, ಮುಖ ನೋಡಿದಳು. ಪಾಸ್‌ಪೋರ್ಟನ್ನು ಸೆರಗಿನಿಂದ ಒರೆಸಿ ನನ್ನ ಕೈಯಲ್ಲಿಟ್ಟಳು.

"ತಗೊಳವ್ವ. ನಿನ್ನ ವಸ್ತು ನಿನ್ನ ಕಡಿ ಇರ್ಲಿ," ಎಂದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಜೋಳದ ಭಕ್ರಿ ಬಡಿಯುವ ಸದ್ದು ಕೇಳಿಸಿತು. ನಾನು ಹುಟ್ಟಿ ಬೆಳೆದ ಖೋಲಿಯ ನಡುವೆ ಅದನ್ನು ಕೈಯಲ್ಲಿ ಹಿಡಿದು, ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದೆ.